ಸುದ್ದಿ ಮೊದಲೋ, ಮನುಷ್ಯ ಮೊದಲೋ? ನಕ್ಷತ್ರಗಳ ಕಥೆಗೆ ಯಾವ ಫೋನು ಒಗ್ಗುತ್ತದೆ

ನನ್ನ ಮೊದಲ ವೈಜ್ಞಾನಿಕ ಕಥೆ ಸತ್ತದ್ದು ಧಾರವಾಡದ ಒಂದು ಚಹಾದಂಗಡಿಯಲ್ಲಿ. ಗದಗಿನ ಹುಡುಗ ದೂರದ ನಕ್ಷತ್ರದ ಗಣಿಯೊಂದರಲ್ಲಿ ಸಿಕ್ಕಿಬಿದ್ದಿದ್ದಾನೆ. ಉಸಿರಾಡುವ ಗಾಳಿ ದಿನದಿನಕ್ಕೆ ತೀರುತ್ತಿದೆ. ಹನ್ನೊಂದು ಪುಟ ಬರೆದಿದ್ದೆ. ಬರೆಯುವಾಗ ನನಗೇ ಕಣ್ಣು ಒದ್ದೆಯಾಗಿತ್ತು. ಗೆಳೆಯ ಓದಿ ಮುಗಿಸಿದ. ಬಸಿಗೆ ಚಹಾ ಸುರಿದುಕೊಂಡು ಕೇಳಿದ: “ಅಲ್ಲೋ, ಎರಡನೇ ಪುಟದಾಗ ಅಂವ ಅವ್ವನ ಜೋಡಿ ಫೋನಿನ್ಯಾಗ ಮಾತಾಡ್ಯಾನಲ್ಲ. ಗಾಳಿ ತೀರಾಕತ್ತೈತಿ ಅಂತ ಆವಾಗ್ಲೇ ಯಾಕ ಹೇಳಲಿಲ್ಲ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಫೋನು ನಾನೇ ಕೊಟ್ಟದ್ದು. ಯಾಕೆ ಕೊಟ್ಟೆ ಅಂದರೆ, ಸುಮ್ನೆ. ಮುಂದಿನ ಕಾಲದ ಕಥೆ ಅಲ್ವಾ, ಫೋನು ಇದ್ದೇ ಇರುತ್ತದೆ ಅಂದುಕೊಂಡಿದ್ದೆ. ಆ ಒಂದು ಸಾಲು ಉಳಿದ ಪುಟಗಳನ್ನೆಲ್ಲ ನುಂಗಿತು.

ಆಮೇಲೆ, ಬೆಳಕಿಗಿಂತ ಬೇಗ ಸುದ್ದಿ ಮುಟ್ಟಿಸುವ ಕಾಲ್ಪನಿಕ ಸಾಧನಗಳನ್ನು ಒಂದೊಂದಾಗಿ ಕಥೆಗೆ ಹಾಕಿ ನೋಡಿದ್ದೇನೆ. ಯಾವುದು ಎಲ್ಲಿ ಕೂರುತ್ತದೆ, ಯಾವುದು ಕಥೆಯನ್ನೇ ಕೊಲ್ಲುತ್ತದೆ ಎಂದು ಇಲ್ಲಿ ಹೇಳುತ್ತೇನೆ. ಇವುಗಳಲ್ಲಿ ಒಂದಕ್ಕೂ ಇವತ್ತಿನ ಭೌತವಿಜ್ಞಾನದ ಒಪ್ಪಿಗೆ ಇಲ್ಲ, ಅದು ಮೊದಲೇ ಗೊತ್ತಿರಲಿ. ಬೆಳಕಿಗಿಂತ ಬೇಗ ಯಾವ ಸುದ್ದಿಯೂ ಹೋಗದು ಎಂದು 1905ರಲ್ಲಿ ಐನ್‌ಸ್ಟೈನ್ ಎಳೆದ ಗೆರೆ ಇನ್ನೂ ಅಳಿಸಿಲ್ಲ. ಹಾಗಾಗಿ ನಾವು ಆರಿಸುತ್ತಿರುವುದು ಒಂದು ಒಳ್ಳೆಯ ಸುಳ್ಳನ್ನು.

ಎಷ್ಟು ತಡ, ಯಾರು ಮೊದಲು

ಹುಬ್ಬಳ್ಳಿ ರೈಲು ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮು 1,507 ಮೀಟರ್ ಇದೆ. 2023ರಲ್ಲಿ ಉದ್ಘಾಟನೆ ಆದಾಗ ಜಗತ್ತಿನಲ್ಲೇ ಉದ್ದದ್ದು ಎಂದು ಸುದ್ದಿಯಾಯಿತು. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಗೆ ಧ್ವನಿ ಹೋಗಲು ಸುಮಾರು ನಾಲ್ಕೂವರೆ ಸೆಕೆಂಡು ಬೇಕು. ರೈಲಿನ ಗದ್ದಲದಲ್ಲಿ ಕೇಳಿಸಿದರೆ ಮಾತು. ಟಾರ್ಚು ಹಾಕಿದರೆ ಬೆಳಕಿಗೆ ಬೇಕಾದದ್ದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲಿ ಐದು ಚೂರು. ಭೂಮಿಯ ಮೇಲೆ ಬೆಳಕು ಅಷ್ಟು ಬೇಗ, ನಮಗೆ ಅದರ ನಿಧಾನ ಗೊತ್ತೇ ಆಗುವುದಿಲ್ಲ.

ಊರು ಬಿಟ್ಟು ಹೊರಟರೆ ಗೊತ್ತಾಗುತ್ತದೆ. ಚಂದ್ರನಿಗೆ 1.3 ಸೆಕೆಂಡು. ಸೂರ್ಯನಿಂದ ಇಲ್ಲಿಗೆ 8 ನಿಮಿಷ 20 ಸೆಕೆಂಡು. ಮಂಗಳಕ್ಕೆ, ಅದು ಹತ್ತಿರ ಇದ್ದಾಗ 3 ನಿಮಿಷ, ದೂರ ಇದ್ದಾಗ 22. ನಮ್ಮ ಪಕ್ಕದ ನಕ್ಷತ್ರ ಪ್ರಾಕ್ಸಿಮಾ ಸೆಂಟೌರಿಗೆ 4.24 ವರ್ಷ. 2023ರ ಜುಲೈನಲ್ಲಿ ವಾಯೇಜರ್ 2 ನೌಕೆಗೆ ಒಂದು ತಪ್ಪು ಆಜ್ಞೆ ಹೋಗಿ, ಅದರ ಆಂಟೆನಾ ಭೂಮಿಯಿಂದ ಎರಡು ಡಿಗ್ರಿ ಆಚೆ ತಿರುಗಿತ್ತು. ಸರಿಪಡಿಸುವ ಆಜ್ಞೆ ಅಲ್ಲಿ ಮುಟ್ಟಲು ಹದಿನೆಂಟೂವರೆ ತಾಸು. ಕೇಳಿಸಿತೋ ಇಲ್ಲವೋ ಎಂದು ತಿಳಿಯಲು ಮತ್ತೆ ಅಷ್ಟೇ ಹೊತ್ತು. ಆ 37 ತಾಸು ಕೂತವರ ಕಥೆಯನ್ನು ಯಾರಾದರೂ ಬರೆಯಬೇಕು.

ನಾನು ಕಲಿತದ್ದು ಇಷ್ಟು: ಸಾಧನದ ಹೆಸರು ಆಮೇಲೆ ಇಟ್ಟರಾಯಿತು. ಮೊದಲು ಕೇಳಬೇಕಾದದ್ದು, ನಿಮ್ಮ ಕಥೆಯ ಲೋಕದಲ್ಲಿ ಸುದ್ದಿ ಮೊದಲು ಮುಟ್ಟುತ್ತದೋ, ಮನುಷ್ಯ ಮೊದಲು ಮುಟ್ಟುತ್ತಾನೋ? ನಮ್ಮಲ್ಲಿ ಇವತ್ತು ಸುದ್ದಿಯೇ ಮೊದಲು. ಹುಬ್ಬಳ್ಳಿಯಲ್ಲಿ ಚಿಗರಿ ಬಸ್ಸು ಹತ್ತಿದವನಿಗೆ ನವಲೂರು ಬರುವಷ್ಟರಲ್ಲಿ ಮನೆಯಿಂದ ಮೂರು ಸಲ ಫೋನು, “ಎಲ್ಲಿ ಬಂದೀಯಪಾ?” ನಮ್ಮ ಮುತ್ತಜ್ಜನ ಕಾಲದಲ್ಲಿ ಎರಡೂ ಒಂದೇ. ಸುದ್ದಿಯನ್ನು ಒಬ್ಬ ಮನುಷ್ಯ ಹೊತ್ತು ತರುತ್ತಿದ್ದ, ಎತ್ತಿನ ಗಾಡಿಯಲ್ಲೋ ಕುದುರೆಯ ಮೇಲೋ. ಮೂರನೆಯದೂ ಒಂದಿದೆ. ಮನುಷ್ಯ ಮೊದಲು, ಸುದ್ದಿ ಆಮೇಲೆ. ಇದು ಭೂಮಿಯ ಮೇಲೆ ನಡೆಯದ ಮಾತು. ಆಕಾಶದ ಕಥೆಯಲ್ಲಿ ಮಾತ್ರ ನಡೆಯುತ್ತದೆ.

ಬರೀ ರೇಡಿಯೋ ಸಾಕು ಅನ್ನುವವರಿಗೆ

ಆ ಮೂರನೆಯದರಿಂದಲೇ ಶುರು ಮಾಡೋಣ. ಹಡಗು ಬೆಳಕಿಗಿಂತ ಬೇಗ ಹೋಗುತ್ತದೆ, ರೇಡಿಯೋ ಮಾತ್ರ ಬೆಳಕಿನ ವೇಗದಲ್ಲೇ ಉಳಿದಿದೆ ಅಂದುಕೊಳ್ಳಿ. ಆಗ ನೀವು ಹೊರಟ ಬೆಳಕನ್ನೇ ಹಿಂದೆ ಹಾಕಿ ಮುಂದೆ ನಿಂತು, ಅದು ಬರುವುದನ್ನು ಕಾಯಬಹುದು. ಹಾವೇರಿಯ ಒಂದು ಕಾಲೊನಿಯಲ್ಲಿ ಮೂರು ದಿನದ ಹಿಂದೆ ಕೊಲೆ ಆಗಿದೆ. ಪತ್ತೇದಾರ ಮೂರು ಬೆಳಕಿನ ದಿನಗಳಷ್ಟು, ಅಂದರೆ ಬೆಳಕು ಮೂರು ದಿನ ಓಡುವಷ್ಟು ದೂರ ಹಾರಿ, ದೂರದರ್ಶಕ ತಿರುಗಿಸಿ, ಕೊಲೆಯನ್ನು ನೇರ ನೋಡುತ್ತಾನೆ. ಮೋಡ ಇರಬಾರದು ಅಷ್ಟೇ. ಮಳೆಗಾಲದಲ್ಲಿ ಕೊಂದವನು ಬಚಾವು.

ಇದರಲ್ಲಿ ಒಂದು ತಪ್ಪು ಸುಲಭವಾಗಿ ಆಗುತ್ತದೆ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು. ಅದರ ಮೊದಲ ದಿನದ ದನಿ ಕೇಳಲು ನಾಯಕ ಎಪ್ಪತ್ತು ಚಿಲ್ಲರೆ ಬೆಳಕಿನ ವರ್ಷ ಆಚೆ ಹಾರುತ್ತಾನೆ ಎಂದು ನಾನು ಬರೆದಿದ್ದೆ. ಬರೆದ ಮೇಲೆ ನೆನಪಾಯಿತು. ಮೀಡಿಯಂ ವೇವ್ ಅಲೆಗಳು ವಾತಾವರಣದ ಮೇಲಿನ ಅಯಾನುಗೋಳ ಎಂಬ ಪದರಕ್ಕೆ ತಾಗಿ ಹೆಚ್ಚುಪಾಲು ಕೆಳಗೇ ಉಳಿಯುತ್ತವೆ. ರಾತ್ರಿ ದೂರದ ಊರಿನ ಸ್ಟೇಷನ್ ಸಿಗುತ್ತಿದ್ದುದು ಅದಕ್ಕೇ. ಹೊರಗೆ ತೂರಿಹೋಗುವುದು ಎಫ್‌ಎಂ, ಟಿವಿ ತರಂಗಗಳು. ಆ ಪುಟ ಹರಿದೆ.

ಹಡಗೂ ನಿಧಾನ, ರೇಡಿಯೋವೂ ನಿಧಾನ ಆದರೆ ಅದು ತಲೆಮಾರುಗಳ ಕಥೆ. ಪ್ರಾಕ್ಸಿಮಾಕ್ಕೆ ಒಂದು ಪ್ರಶ್ನೆ ಕೇಳಿ ಉತ್ತರ ಪಡೆಯಲು ಎಂಟೂವರೆ ವರ್ಷ. ಕೇಳಿದವಳು ಕನ್ಯೆ, ಉತ್ತರ ಬರುವಾಗ ಕೈಯಲ್ಲಿ ಕೂಸು. ತಾಳ್ಮೆ ಇದ್ದವರು ಬರೆಯಿರಿ.

ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುವುದು

ನಾನು ಹುಬ್ಬಳ್ಳಿಯಲ್ಲಿ ಓದುವಾಗ ಅಪ್ಪ ಹಾವೇರಿಯಿಂದ ಚೀಲ ಕಳಿಸುತ್ತಿದ್ದ. ಬಸ್ಸಿನ ಕಂಡಕ್ಟರಿಗೆ ಹೇಳಿ ಸೀಟಿನ ಕೆಳಗೆ ಇಡುವುದು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುವುದು. ರೊಟ್ಟಿ, ಶೇಂಗಾ ಚಟ್ನಿ, ಬ್ಯಾಡಗಿ ಮೆಣಸಿನಪುಡಿ, ನಡುವೆ ಮಡಚಿದ ಒಂದು ಚೀಟಿ. ಒಮ್ಮೆ ನಾನು ತಡ ಮಾಡಿ ಹೋದೆ, ಚೀಲ ಧಾರವಾಡ ನೋಡಿಕೊಂಡು ಬಂತು. ಚೀಟಿಯಲ್ಲಿ “ಅಜ್ಜಿಗೆ ಆರಾಮಿಲ್ಲ, ಶನಿವಾರ ಬಾ” ಅಂತಿತ್ತು. ನಾನು ಓದಿದ್ದು ರವಿವಾರ.

ನಕ್ಷತ್ರಗಳ ನಡುವೆಯೂ ಇದೇ ನಡೆಯಬಹುದು. ಬೆಳಕಿಗಿಂತ ಬೇಗ ಹೋಗುವ ಹಡಗಿದೆ, ಆದರೆ ಬೇರೆ ಫೋನಿಲ್ಲ. ಸುದ್ದಿ ಹಡಗಿನಲ್ಲಿ ಕೂತೇ ಬರಬೇಕು. ಹೊಸದಾಗಿ ಬರೆಯುವವರು ಕೇಳಿದರೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಕಥೆಗೆ ಬೇಕಾದದ್ದೆಲ್ಲ ಇದರಲ್ಲಿ ತಾನೇ ಹುಟ್ಟುತ್ತದೆ. ಎರಡು ಪತ್ರ ಹಿಂದುಮುಂದಾಗಿ ಬರುತ್ತವೆ. ಹಬ್ಬದ ಶುಭಾಶಯ ಹಬ್ಬ ಮುಗಿದ ಮೇಲೆ ಬರುತ್ತದೆ. ಯುದ್ಧ ನಿಂತದ್ದು ಗೊತ್ತಿಲ್ಲದೆ ಯುದ್ಧ ನಡೆಯುತ್ತದೆ. ಇದು ನಿಜವಾಗಿಯೂ ನಡೆದಿದೆ. ಬ್ರಿಟನ್ ಮತ್ತು ಅಮೆರಿಕ 1814ರ ಡಿಸೆಂಬರ್ 24ರಂದು ಗೆಂಟ್ ಎಂಬ ಊರಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದವು. ಆ ಸುದ್ದಿ ಹೊತ್ತ ಹಡಗು ಇನ್ನೂ ಸಮುದ್ರದಲ್ಲಿತ್ತು. 1815ರ ಜನವರಿ 8ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಎರಡೂ ಸೇನೆ ಹೊಡೆದಾಡಿ ನೂರಾರು ಜನ ಸತ್ತರು.

ವ್ಯಾಪಾರದ ಕಥೆಗೂ ಇದು ಚಲೋ. ಬ್ಯಾಡಗಿ ಮಾರುಕಟ್ಟೆಯಲ್ಲಿ ಕಡ್ಡಿ ಮೆಣಸಿನಕಾಯಿಗೆ ಇವತ್ತು ಏನು ದರ, ಡಬ್ಬಿಗೆ ಏನು ದರ ಅನ್ನುವುದು ಒಬ್ಬನಿಗೆ ಎರಡು ದಿನ ಮೊದಲೇ ಗೊತ್ತಾದರೆ ಅವನು ಏನೇನು ಮಾಡಬಹುದು, ನೀವೇ ಲೆಕ್ಕ ಹಾಕಿ. 1850ರಲ್ಲಿ ಆಖೆನ್ ಮತ್ತು ಬ್ರಸೆಲ್ಸ್ ನಡುವೆ ತಂತಿ ಇರಲಿಲ್ಲ. ಪಾಲ್ ರಾಯ್ಟರ್ ಅಲ್ಲಿ ಪಾರಿವಾಳ ಬಿಟ್ಟು ಷೇರು ದರ ತರಿಸಿದ. ಇವತ್ತಿನ ರಾಯ್ಟರ್ಸ್ ಸುದ್ದಿಸಂಸ್ಥೆ ಅವನು ಕಟ್ಟಿದ್ದೇ. ನಿಮ್ಮ ಕಥೆಯ ಮೆಣಸಿನಕಾಯಿ ಸಾಹುಕಾರನಿಗೂ ಸ್ವಂತದ್ದೊಂದು ಚಿಕ್ಕ ಹಡಗು ಕೊಡಿ.

ಟಪಾಲು ಹಡಗು ನಿಧಾನ, ಆದರೆ ಬಡವ ಅಲ್ಲ. ಲೆಕ್ಕ ನೋಡಿ. 20 ಟೆರಾಬೈಟ್‌ನ ಒಂದು ಹಾರ್ಡ್ ಡಿಸ್ಕನ್ನು ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಕಳಿಸಿದರೆ ಎಂಟು ತಾಸು. ಸೆಕೆಂಡಿಗೆ ಐದೂವರೆ ಗಿಗಾಬಿಟ್ ಬಿತ್ತು. ನಮ್ಮ ಮನೆಯ ಇಂಟರ್‌ನೆಟ್ಟಿಗೆ ಅಷ್ಟು ದಮ್ಮಿಲ್ಲ. ಅಂದರೆ ಟಪಾಲು ಹಡಗು ಬಂದ ದಿನ ಕಾಲೊನಿಗೆ ಇಡೀ ತಿಂಗಳ ಧಾರಾವಾಹಿ, ಪೇಪರು, ಸಾಲದ ನೋಟಿಸು, ಪ್ರೇಮಪತ್ರ ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಆ ಒಂದು ಸಂಜೆಯನ್ನಷ್ಟೇ ಬರೆದರೂ ಕಥೆಯಾಗುತ್ತದೆ.

ಸೂಜಿಯ ಕಣ್ಣಿನಷ್ಟು ರಂಧ್ರ

ವರ್ಮ್‌ಹೋಲ್ ಅಂದರೆ ದೂರದ ಎರಡು ಜಾಗಗಳ ನಡುವಿನ ಒಳದಾರಿ. ಐನ್‌ಸ್ಟೈನ್ ಮತ್ತು ರೋಸೆನ್ 1935ರಲ್ಲಿ ಇಂಥದೊಂದು ಸೇತುವೆಯನ್ನು ಲೆಕ್ಕದಲ್ಲಿ ತೋರಿಸಿದರು. ಅದು ಮುಚ್ಚಿಹೋಗದಂತೆ ತೆರೆದಿಡಲು ಏನು ಬೇಕು ಎಂದು 1988ರಲ್ಲಿ ಮಾರಿಸ್ ಮತ್ತು ಥಾರ್ನ್ ಲೆಕ್ಕ ಹಾಕಿದರು. ಬೇಕಾದದ್ದು ಋಣ ಶಕ್ತಿ ಇರುವ ವಿಚಿತ್ರ ವಸ್ತು. ಅಂಗಡಿಯಲ್ಲಿ ಸಿಗುವುದಲ್ಲ.

ಹೆಚ್ಚಿನವರು ಇದನ್ನು ಹಡಗು ದಾಟುವ ದೊಡ್ಡ ಬಾಗಿಲು ಮಾಡುತ್ತಾರೆ. ನನಗೆ ಹಿಡಿಸಿದ್ದು ಸಣ್ಣದು. ಬರೀ ಒಂದು ಬೆಳಕಿನ ಎಳೆ ತೂರುವಷ್ಟು, ಸೂಜಿಯ ಕಣ್ಣಿನಷ್ಟು. ಆಗ ಮಾತು ದಾಟುತ್ತದೆ, ಮನುಷ್ಯ ದಾಟುವುದಿಲ್ಲ. ಅವ್ವನ ದನಿ ಕಿವಿಯ ಪಕ್ಕದಲ್ಲೇ ಇದೆ, ಅವ್ವ ಇಪ್ಪತ್ತು ಬೆಳಕಿನ ವರ್ಷ ಆಚೆ. ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ ವಿಡಿಯೋ ಕಾಲಿನಲ್ಲಿ ಮೊಮ್ಮಗಳ ಹಲ್ಲು ಎಣಿಸುವ ನಮ್ಮ ಓಣಿಯ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳುವುದು ಬೇಕಾಗಿಲ್ಲ.

ಈ ರಂಧ್ರದಲ್ಲಿ ಒಂದು ಚಮತ್ಕಾರ ಇದೆ. ಒಂದು ಬಾಯಿ ಹುಬ್ಬಳ್ಳಿಯಲ್ಲಿ ಇರಲಿ. ಇನ್ನೊಂದನ್ನು ಬೆಳಕಿನ ವೇಗದ ನೂರಕ್ಕೆ 99.5ರಲ್ಲಿ ಹೋಗುವ ಹಡಗಿನಲ್ಲಿ ಇಪ್ಪತ್ತು ಬೆಳಕಿನ ವರ್ಷ ಒಯ್ಯಿರಿ. ಹೊರಗಿನ ಲೆಕ್ಕದಲ್ಲಿ ಪ್ರಯಾಣ ಇಪ್ಪತ್ತು ವರ್ಷ. ಹಡಗಿನ ಗಡಿಯಾರದಲ್ಲಿ ಎರಡೇ ವರ್ಷ. ರಂಧ್ರದೊಳಗಿಂದ ನೋಡುವವರಿಗೆ ಹಡಗಿನ ಗಡಿಯಾರವೇ ಲೆಕ್ಕ. ಅಂದರೆ ಹೊರಟ ಎರಡು ವರ್ಷಕ್ಕೆ ಹುಬ್ಬಳ್ಳಿಯಲ್ಲಿ “ಮುಟ್ಟಿದ್ವಿ” ಅನ್ನುವ ದನಿ ಕೇಳುತ್ತದೆ. ಹೊರಗೆ ಆಕಾಶ ನೋಡಿದರೆ ಹಡಗು ಇನ್ನೂ ದಾರಿಯಲ್ಲೇ ಇದೆ.

ಇದನ್ನು ಆರಿಸಿದರೆ ಒಂದು ಎಚ್ಚರ. ಆ ಬಾಯಿಯನ್ನು ಅದೇ ವೇಗದಲ್ಲಿ ಮನೆಗೆ ವಾಪಸ್ ತರಬೇಡಿ. ತಂದರೆ ಅದು ಕಾಲಯಂತ್ರ ಆಗುತ್ತದೆ, ನಾಳೆಯ ಪೇಪರು ಇವತ್ತೇ ಬರುತ್ತದೆ. ಪ್ರಕೃತಿ ಇಂಥದ್ದಕ್ಕೆ ಬಿಡುವುದಿಲ್ಲ ಎಂದು ಹಾಕಿಂಗ್ 1992ರಲ್ಲಿ ಊಹೆ ಮಾಡಿದ್ದರು. ನೀವೂ ಕಥೆಯಲ್ಲಿ ಅದನ್ನೇ ಹೇಳಿ ರಂಧ್ರ ಕುಸಿಯುವಂತೆ ಮಾಡಬಹುದು.

ಇನ್ನೊಂದು ಅನುಕೂಲ, ರಂಧ್ರಕ್ಕೆ ಒಬ್ಬ ಮಾಲೀಕ ಇರುತ್ತಾನೆ. ಹುಬ್ಬಳ್ಳಿ, ಗದಗ ಜಂಕ್ಷನ್ ಇದ್ದ ಹಾಗೆ, ಎಲ್ಲ ಸುದ್ದಿ ಅಲ್ಲಿಂದಲೇ ಹಾಯಬೇಕು. ಜಂಕ್ಷನ್ ಹಿಡಿದವನ ಕೈಯಲ್ಲಿ ಊರು. ರಾಜಕೀಯದ ಕಥೆಗೆ ಇದಕ್ಕಿಂತ ಒಳ್ಳೆಯ ಮೊಳೆ ನನಗೆ ಸಿಕ್ಕಿಲ್ಲ.

ಜೋಡಿ ಕಣಗಳ ಹೆಸರಲ್ಲಿ ಮೋಸ

ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ. “ಕ್ವಾಂಟಮ್ ಎಂಟ್ಯಾಂಗಲ್‌ಮೆಂಟ್ ಮೂಲಕ ತಕ್ಷಣ ಸಂದೇಶ” ಎಂದು ಬರೆದುಬಿಡುವುದು. ಎಷ್ಟೇ ದೂರ ಇಟ್ಟರೂ ಒಂದಕ್ಕೊಂದು ತಳುಕು ಹಾಕಿಕೊಂಡೇ ಇರುವ ಜೋಡಿ ಕಣಗಳ ನಂಟಿಗೆ ಆ ಹೆಸರು. ನಾನೂ ಬರೆದಿದ್ದೆ. ದಯವಿಟ್ಟು ಬೇಡ.

ಒಂದು ಜೊತೆ ಚಪ್ಪಲಿಯನ್ನು ಎರಡು ಡಬ್ಬಿಯಲ್ಲಿ ಹಾಕಿ, ಒಂದನ್ನು ಗದಗಿಗೆ ಕಳಿಸಿ. ಹುಬ್ಬಳ್ಳಿಯ ಡಬ್ಬಿ ತೆಗೆದಾಗ ಎಡಗಾಲಿನದು ಬಂದರೆ, ಗದಗಿನಲ್ಲಿ ಬಲಗಾಲಿನದು ಎಂದು ಕ್ಷಣದಲ್ಲಿ ಗೊತ್ತು. ಆದರೆ ಗದಗಿಗೆ ಏನಾದರೂ ಸುದ್ದಿ ಹೋಯಿತಾ? ಇಲ್ಲ. ಕಣಗಳು ಚಪ್ಪಲಿಗಿಂತ ವಿಚಿತ್ರ, ಅದು ನಿಜ. ಎಡವೋ ಬಲವೋ ಎನ್ನುವುದು ಡಬ್ಬಿಗೆ ಹಾಕುವಾಗಲೇ ತೀರ್ಮಾನ ಆಗಿತ್ತು ಎಂದು ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. 1964ರಲ್ಲಿ ಜಾನ್ ಬೆಲ್ ಇದನ್ನು ಪರೀಕ್ಷಿಸುವ ದಾರಿ ತೋರಿಸಿದರು. ಆ ಪ್ರಯೋಗಗಳಿಗಾಗಿ ಆಸ್ಪೆ, ಕ್ಲೌಸರ್, ಸೈಲಿಂಗರ್ ಅವರಿಗೆ 2022ರ ನೊಬೆಲ್ ಬಂತು. ಇಷ್ಟಾದರೂ ನಿಮ್ಮ ಡಬ್ಬಿಯಲ್ಲಿ ಎಡವೇ ಬರಲಿ ಎಂದು ನೀವು ಹಟ ಹಿಡಿಯಲು ಆಗುವುದಿಲ್ಲ. ಬಂದದ್ದು ಬಂತು. ಆಯ್ಕೆ ಇಲ್ಲದ ಕಡೆ ಸಂದೇಶವೂ ಇಲ್ಲ. ಎರಡೂ ಕಡೆಯದು ಜೋಡಿ ಹೌದೋ ಅಲ್ಲವೋ ನೋಡಲು ಮತ್ತೆ ಮಾಮೂಲಿ ಫೋನೇ ಹಚ್ಚಬೇಕು.

ಹಾಗಂತ ಪೂರ್ತಿ ಬಿಸಾಡಬೇಡಿ. ಗುಟ್ಟು ಕಾಯಲು ಇದು ಬರುತ್ತದೆ. 2017ರಲ್ಲಿ ಚೀನಾದ ಮಿಸಿಯಸ್ ಉಪಗ್ರಹ 1,200 ಕಿಲೋಮೀಟರ್ ಅಂತರದ ಎರಡು ಕಡೆಗೆ ಇಂಥ ಜೋಡಿ ಕಣ ಹಂಚಿತ್ತು. ನಿಮ್ಮ ಟಪಾಲು ಹಡಗಿನ ಪತ್ರಕ್ಕೆ ಯಾರೂ ಒಡೆಯಲಾಗದ ಬೀಗ ಬೇಕಾದರೆ ಇದನ್ನು ಹಾಕಿ. ಪತ್ರ ಹೋಗುವುದು ಹಡಗಿನಲ್ಲೇ.

ತಕ್ಷಣದ ಫೋನಿನ ತಕರಾರು

ಏನೂ ವಿವರಣೆ ಕೊಡದೆ “ಇಂಥದೊಂದು ಯಂತ್ರ ಇದೆ” ಎಂದು ಹೇಳಿ ಮುಂದೆ ಹೋಗುವುದೂ ಒಂದು ದಾರಿ. ಇಂಗ್ಲಿಷ್ ಕಥೆಗಳಲ್ಲಿ ಇದಕ್ಕೆ ಆನ್ಸಿಬಲ್ ಎಂಬ ಹೆಸರು 1966ರಿಂದ ಇದೆ. ನನ್ನ ಮೊದಲ ಕಥೆ ಸತ್ತದ್ದು ಇದರಿಂದಲೇ.

ತೊಂದರೆ ಕಥೆಯದಷ್ಟೇ ಅಲ್ಲ, ಕಾಲದ್ದೂ ಇದೆ. ಮಗ ಬೆಳಕಿನ ವೇಗದ ನೂರಕ್ಕೆ 80ರಲ್ಲಿ ಗದಗು ಬಿಟ್ಟು ಹೊರಟ ಅನ್ನಿ. ಹತ್ತು ವರ್ಷ ಆದ ಮೇಲೆ ಅವ್ವ ತಕ್ಷಣದ ಫೋನು ಹಚ್ಚಿ “ಅಪ್ಪ ಹೋದ್ರು” ಅನ್ನುತ್ತಾಳೆ. ಆಗ ಹಡಗಿನ ಗಡಿಯಾರದಲ್ಲಿ ಆರು ವರ್ಷ ಆಗಿರುತ್ತದೆ. ಮಗ ಅದೇ ಕ್ಷಣ ಉತ್ತರ ಕೊಡುತ್ತಾನೆ. ಆದರೆ ಮಗನ ಲೆಕ್ಕದಲ್ಲಿ ಓಡುತ್ತಿರುವುದು ಭೂಮಿ, ನಿಧಾನ ಆಗಿರುವುದು ಗದಗಿನ ಗಡಿಯಾರ. ಅವನ “ಈಗ” ಗದಗಿನಲ್ಲಿ ಇನ್ನೂ 3.6 ವರ್ಷ. ಉತ್ತರ ಹೋಗಿ ಬೀಳುವುದು ಅಲ್ಲಿ. ಅಪ್ಪ ಸಾಯುವುದಕ್ಕೆ ಆರು ವರ್ಷಕ್ಕಿಂತ ಮೊದಲೇ, ಅಪ್ಪನೇ ಫೋನು ಎತ್ತುತ್ತಾನೆ!

ಇದನ್ನು ಬೇಕೆಂದೇ ಬರೆಯುವುದಾದರೆ ಅದ್ಭುತ ಕಥೆ. ಬೇಡವಾದರೆ ಒಂದು ಉಪಾಯ ಇದೆ. ಇಡೀ ವಿಶ್ವಕ್ಕೆ ಒಂದೇ “ಈಗ” ಎಂದು ಕಥೆಯಲ್ಲಿ ಗೊತ್ತುಮಾಡಿ, ಎಲ್ಲ ಫೋನೂ ಅದನ್ನೇ ಅನುಸರಿಸಲಿ. ಆಗ ಉತ್ತರ ಹಿಂದಕ್ಕೆ ಜಾರುವುದಿಲ್ಲ. ವಿಶ್ವದ ಹಿನ್ನೆಲೆ ವಿಕಿರಣವನ್ನು, ಅಂದರೆ ವಿಶ್ವದ ಎಳೆಗಾಲದಿಂದ ಎಲ್ಲೆಡೆ ಉಳಿದುಬಂದ ಮಂದ ತರಂಗಗಳನ್ನು, ಆ ಗಡಿಯಾರದ ಕಂಬ ಮಾಡಬಹುದು. ಅದಕ್ಕೆ ಹೋಲಿಸಿದರೆ ನಮ್ಮ ಸೂರ್ಯ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ಓಡುತ್ತಿದ್ದಾನೆ. ಐನ್‌ಸ್ಟೈನ್‌ಗೆ ಇದು ಹಿಡಿಸಲಿಕ್ಕಿಲ್ಲ. ಓದುಗರಿಗೆ ನಡೆಯುತ್ತದೆ.

ಟ್ಯಾಕಿಯಾನ್‌ಗೂ ಇದೇ ತಕರಾರು. ಬೆಳಕಿಗಿಂತ ಬೇಗ ಓಡುವ ಕಣ ಇರಬಹುದಾ ಎಂದು 1962ರಲ್ಲಿ ಬರೆದವರಲ್ಲಿ ಕೇರಳದ ಇ.ಸಿ.ಜಿ. ಸುದರ್ಶನ್ ಒಬ್ಬರು. ಟ್ಯಾಕಿಯಾನ್ ಎಂಬ ಹೆಸರು ಬಂದದ್ದು 1967ರಲ್ಲಿ. ಯಾರೂ ಕಂಡಿಲ್ಲ. ಆದರೆ ಇದರ ಒಂದು ಗುಣ ಕಥೆಗೆ ಬಂಗಾರ: ಶಕ್ತಿ ಕಡಿಮೆ ಆದಷ್ಟೂ ಇದರ ವೇಗ ಜಾಸ್ತಿ. ಅಂದರೆ ಬ್ಯಾಟರಿ ತೀರುತ್ತಾ ಬಂದ ಹಾಗೆ ನಿಮ್ಮ ಸಂದೇಶ ಇನ್ನಷ್ಟು ಬೇಗ ಮುಟ್ಟುತ್ತದೆ, ಇನ್ನಷ್ಟು ಮಸುಕಾಗುತ್ತದೆ. ಸಾಯುವವನ ಕೊನೆಯ ಪಿಸುಮಾತು ಎಲ್ಲಕ್ಕಿಂತ ಮೊದಲು ಬರುತ್ತದೆ. ಯಾರೂ ಬರೆಯದಿದ್ದರೆ ನಾನೇ ಬರೆಯುತ್ತೇನೆ.

ಹಾಸ್ಯ ಬೇಕಾದವರಿಗೂ ಇಲ್ಲಿ ಒಂದು ದಾರಿ ಇದೆ. 2011ರಲ್ಲಿ ಜಿನೀವಾದಿಂದ ಇಟಲಿಗೆ ಬಂದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡು ಮೊದಲೇ ಬಂದವು ಎಂದು ಜಗತ್ತೆಲ್ಲ ಗದ್ದಲ ಆಯಿತು. ಕೊನೆಗೆ ನೋಡಿದರೆ ಒಂದು ಕೇಬಲ್ಲು ಸರಿಯಾಗಿ ಕೂತಿರಲಿಲ್ಲ.

ಉಳಿದ ಎರಡು

ಬೇರೆ ಆಯಾಮದ ರೇಡಿಯೋ ಸುಲಭದ ದಾರಿ. ವೇಗ ನೀವೇ ಇಡಬಹುದು. ಆದರೆ ಮೊದಲೇ ಇಡಿ, ನಡುವೆ ಬದಲಿಸಬೇಡಿ. ಬೆಳಕಿನ ಸಾವಿರದೈನೂರು ಪಟ್ಟು ಅಂದರೆ ಪ್ರಾಕ್ಸಿಮಾಕ್ಕೆ ಒಂದು ದಿನ. ಅದೇ ವೇಗದಲ್ಲಿ ಒಂದು ಲಕ್ಷ ಬೆಳಕಿನ ವರ್ಷ ಅಗಲದ ಹಾಲುಹಾದಿ ದಾಟಲು 65 ವರ್ಷಕ್ಕೂ ಜಾಸ್ತಿ. ಪಕ್ಕದ ಊರೂ ಸಿಕ್ಕಿತು, ಗಡಿನಾಡೂ ಸಿಕ್ಕಿತು.

ಇನ್ನೊಂದು ನಮ್ಮದೇ, ಸಂಜಯನ ದಿವ್ಯದೃಷ್ಟಿ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನ ಕಂಬದ ಹತ್ತಿರ ಕೂತಾಗ ನನಗೆ ಇದು ಹೊಳೆದದ್ದು. ಅದು ಒಂದೇ ಕಡೆಯ ಫೋನು. ಸಂಜಯ ಎಲ್ಲವನ್ನೂ ಕಾಣುತ್ತಾನೆ, ಆದರೆ ಕುರುಕ್ಷೇತ್ರಕ್ಕೆ ಒಂದು ಮಾತನ್ನೂ ಮುಟ್ಟಿಸಲಾರ. ಧೃತರಾಷ್ಟ್ರ ಮಕ್ಕಳು ಸಾಯುವುದನ್ನು ಕೇಳುತ್ತಾ ಕೂರಬೇಕು. ತಕ್ಷಣದ ಸುದ್ದಿ ಇದ್ದೂ ಕಥೆ ಸಾಯದಂತೆ ಮಾಡುವ ದಾರಿ ಇದು.

ಗದಗಿನ ಹುಡುಗನಿಗೆ ಕೊನೆಗೆ ಸಿಕ್ಕಿದ್ದು

ಹಳೆಯ ಕಥೆಯನ್ನು ಈಗ ಮತ್ತೆ ಬರೆಯುತ್ತಿದ್ದೇನೆ. ಹುಡುಗನಿಗೆ ಸೂಜಿಯ ಕಣ್ಣಿನ ರಂಧ್ರ ಕೊಟ್ಟಿದ್ದೇನೆ. ಹಡಗು ಬೆಳಕಿಗಿಂತ ನಿಧಾನ, ಇಪ್ಪತ್ತು ವರ್ಷದ ದಾರಿ. ಈಗ ಗೆಳೆಯನ ಪ್ರಶ್ನೆಗೆ ಉತ್ತರ ಇದೆ. ಗಾಳಿ ತೀರುತ್ತಿದೆ ಎಂದು ಹೇಳಬಹುದು, ಆದರೆ ಕೇಳಿ ಯಾರೂ ಹೊತ್ತಿಗೆ ಬರಲಾರರು. ಹಾಗಿದ್ದ ಮೇಲೆ ಅವ್ವನಿಗೆ ಹೇಳಬೇಕಾ ಬೇಡವಾ ಅನ್ನುವುದೇ ಹನ್ನೊಂದು ಪುಟ.

ರಂಧ್ರ ತೆರೆದಿಡುವುದು ದುಬಾರಿ. ಅದಕ್ಕೆ ತಿಂಗಳಿಗೆ ಒಬ್ಬರಿಗೆ ಮೂವತ್ತೇ ಪದ. ಟೆಲಿಗ್ರಾಂ ಕಾಲದಲ್ಲಿ ಜನ ಪದ ಎಣಿಸಿ ಬರೆಯುತ್ತಿದ್ದರಲ್ಲ, ಹಾಗೆ. ನಮ್ಮ ದೇಶದಲ್ಲಿ ಆ ಸೇವೆ 2013ರ ಜುಲೈನಲ್ಲಿ ನಿಂತಿತು. ಯಂತ್ರದ ಹೆಸರಿಗೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಗದಗಿನ ಜನ ಅದನ್ನು “ತಂತಿ” ಅನ್ನುತ್ತಾರೆ. ತಂತಿ ಬಂತು ಅಂದರೆ ಹಳಬರು ಈಗಲೂ ಎದೆ ಹಿಡಿದುಕೊಳ್ಳುತ್ತಾರೆ.

ಅವ್ವನ ಮೂವತ್ತರಲ್ಲಿ ಎರಡು ಪದ ಪ್ರತಿ ತಿಂಗಳೂ “ಊಟ ಆತೇನು” ಎಂದು ಕೇಳುವುದಕ್ಕೇ ಹೋಗುತ್ತವೆ. ಹುಡುಗ ಇನ್ನೂ ಉತ್ತರ ಬರೆದಿಲ್ಲ. ನಾನು ಒಂಬತ್ತನೇ ಪುಟದಲ್ಲಿದ್ದೇನೆ.